ಟೆಕ್ಸಾಸ್ ಹೋಲ್ಡೆಮ್ ಪೋಕರ್: ತೀನ್ ಪತ್ತಿ ಬಲ್ಲವರು ಏನನ್ನು ಬಿಟ್ಟು ಏನನ್ನು ಕಲಿಯಬೇಕು

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಟ ಅದೃಷ್ಟದ್ದೋ ಕೌಶಲದ್ದೋ ಎಂಬ ಭೇದವನ್ನು ಆ ಕಾಯ್ದೆ ಮಾಡಿಲ್ಲ. ಹಾಗಾಗಿ ರಮ್ಮಿಯ ಜೊತೆಗೆ ಪೋಕರ್ ಕೂಡ ಅದರ ವ್ಯಾಪ್ತಿಗೆ ಬಂತು. ಈಗ ಪೋಕರ್ ಕಲಿಯಬೇಕೆನ್ನುವವರಿಗೆ ನೇರ ದಾರಿಯೆಂದರೆ ನಾಲ್ಕಾರು ಜನ ಮೇಜಿನ ಸುತ್ತ ಕೂತು, ಹಣವಿಲ್ಲದೆ ಬರೀ ಬಿಲ್ಲೆಗಳಲ್ಲಿ ಆಡುವುದು. ಹಣ ಇಟ್ಟರೆ ಮೇಜಿನ ಆಟಕ್ಕೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಕಲಮುಗಳಿವೆ, ಅದು ನೆನಪಿರಲಿ.

ಆ್ಯಪ್‌ನಲ್ಲಿ ಎಲೆ ಹಂಚುವುದು, ಸರದಿ ಯಾರದೆಂದು ತೋರಿಸುವುದು, ಎಷ್ಟು ಏರಿಸಬಹುದೆಂದು ಲೆಕ್ಕ ಹಾಕುವುದು, ಗೆದ್ದವರನ್ನು ಗುರುತಿಸುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದೆ. ಮೇಜಿನ ಮೇಲೆ ಅದೆಲ್ಲ ಆಡುವವರ ತಲೆಯಲ್ಲೇ ಇರಬೇಕು. ನಮ್ಮ ಕಡೆ ಪೋಕರ್‌ಗೆ ಬರುವವರಲ್ಲಿ ಹೆಚ್ಚಿನವರಿಗೆ ತೀನ್ ಪತ್ತಿ, ಅಂದರೆ ಮೂರೆಲೆ ಆಟ ಮೊದಲೇ ಗೊತ್ತಿರುತ್ತದೆ. ಅದು ಅರ್ಧ ಸಹಾಯ, ಅರ್ಧ ಅಡ್ಡಿ. ಯುಗಾದಿಗೆ ವರ್ಷವರ್ಷವೂ ಇಸ್ಪೀಟು ಹಿಡಿದವರು ಹೋಲ್ಡೆಮ್‌ನಲ್ಲಿ ಮಾಡುವ ತಪ್ಪುಗಳು ಬಹುಪಾಲು ಮೂರೆಲೆಯಿಂದ ಬಂದವೇ. ಅದಕ್ಕೇ ಇಲ್ಲಿ ನಿಯಮ ಹೇಳುವಾಗಲೆಲ್ಲ ಆ ಆಟವನ್ನು ಪಕ್ಕಕ್ಕಿಟ್ಟು ನೋಡಿದ್ದೇವೆ.

ಎರಡೆಲೆ ನಿಮ್ಮದು, ಐದೆಲೆ ಎಲ್ಲರದು

ಪೋಕರ್ ಎಂಬುದು ಒಂದೇ ಆಟವಲ್ಲ, ಒಂದು ಕುಟುಂಬ. ಅದರಲ್ಲಿ ಇಂದು ಹೆಚ್ಚು ಜನ ಆಡುವುದು ಟೆಕ್ಸಾಸ್ ಹೋಲ್ಡೆಮ್. ಅಮೆರಿಕದ ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಊರು ಇದರ ತವರು ಎಂದು ಅಲ್ಲಿನ ಶಾಸನಸಭೆ ಮಾನ್ಯ ಮಾಡಿದೆ. 1960ರ ದಶಕದಲ್ಲಿ ಲಾಸ್ ವೇಗಸ್ ತಲುಪಿ, 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಿಂದ ಲೋಕಕ್ಕೆಲ್ಲ ಹಬ್ಬಿತು.

ಮೂರೆಲೆಯಲ್ಲಿ ಎಲ್ಲ ಎಲೆಯೂ ಗುಟ್ಟು. ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಎರಡೇ ಎಲೆ ಗುಟ್ಟಾಗಿ ಸಿಗುತ್ತದೆ. ಆಮೇಲೆ ಮೇಜಿನ ನಡುವೆ ಐದೆಲೆ ತೆರೆದು ಇಡುತ್ತಾರೆ. ಆ ಐದೂ ಎಲ್ಲರಿಗೂ ಸೇರಿದ್ದು, ಇದನ್ನು ಬೋರ್ಡ್ ಎನ್ನುತ್ತಾರೆ. ನಿಮ್ಮ ಎರಡು, ಬೋರ್ಡಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದೆಲೆ ಆರಿಸಿಕೊಂಡರೆ ಅದೇ ನಿಮ್ಮ ಕೈ. ಕೈಯಲ್ಲಿರುವ ಎರಡನ್ನೂ ಬಳಸಬಹುದು, ಒಂದನ್ನು ಬಳಸಬಹುದು, ಎರಡನ್ನೂ ಬಿಟ್ಟು ಬೋರ್ಡಿನ ಐದನ್ನೇ ಕೈ ಅನ್ನಲೂಬಹುದು.

ಬೋರ್ಡಿನ ಐದೆಲೆ ಒಮ್ಮೆಲೇ ಬೀಳುವುದಿಲ್ಲ. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಗುಟ್ಟಿನ ಎಲೆ ಸಿಕ್ಕ ಕೂಡಲೇ ಒಂದು ಸುತ್ತು ಬಾಜಿ, ಈ ಮೂರರಲ್ಲಿ ಪ್ರತಿಯೊಂದರ ನಂತರ ಒಂದೊಂದು ಸುತ್ತು. ಹೀಗೆ ನಾಲ್ಕು ಸುತ್ತು.

ಕೂರುವ ಮುನ್ನ

ಜೋಕರ್ ತೆಗೆದ 52 ಎಲೆಯ ಒಂದು ಕಟ್ಟು ಸಾಕು. ಇಬ್ಬರಿಂದ ಒಂಬತ್ತು ಜನ ಆಡಬಹುದು, ಕಲಿಯಲು ನಾಲ್ಕೈದು ಜನ ಹದವಾದ ಲೆಕ್ಕ. ತಲೆಗೆ 200 ಅಂಕದ ಬಿಲ್ಲೆ ಇಟ್ಟುಕೊಳ್ಳಿ: ಒಂದರವು 20, ಐದರವು 16, ಇಪ್ಪತ್ತೈದರವು 4. ಬಿಲ್ಲೆ ಇಲ್ಲದಿದ್ದರೆ ಹುಣಸೆಬೀಜ ಒಂದಕ್ಕೆ, ಕವಡೆ ಐದಕ್ಕೆ, ಅಂಗಿಯ ಗುಂಡಿ ಇಪ್ಪತ್ತೈದಕ್ಕೆ. ಒಂದರವು ಕಡಿಮೆ ಬಿದ್ದರೆ ಆಟ ಚಿಲ್ಲರೆಗಾಗಿ ಪದೇ ಪದೇ ನಿಲ್ಲುತ್ತದೆ, ಅದಕ್ಕೇ ಅಷ್ಟು.

ಎಲೆಗಳ ಹೆಸರು ನಮಗೆ ಗೊತ್ತಿರುವುದೇ: ಎಕ್ಕ, ರಾಜ, ರಾಣಿ, ಗುಲಾಮ, ಆಮೇಲೆ 10ರಿಂದ 2. ಜಾತಿ ನಾಲ್ಕು: ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್. ಜಾತಿಗಳಲ್ಲಿ ಮೇಲು ಕೀಳು ಇಲ್ಲ. ಇಸ್ಪೀಟ್ ಎಕ್ಕವೂ ಡೈಮಂಡ್ ಎಕ್ಕವೂ ಸಮ.

ಯಾವ ಕೈ ದೊಡ್ಡದು

ಮೂರೆಲೆಯವರು ಮೊದಲು ಎಡವುವ ಜಾಗ ಇದು. ಅಲ್ಲಿ ಸೀಕ್ವೆನ್ಸ್ (ಸಾಲಾಗಿ ಬರುವ ಎಲೆಗಳು) ಬಂದರೆ ಕಲರ್ (ಎಲ್ಲ ಒಂದೇ ಜಾತಿಯ ಎಲೆಗಳು) ಸೋಲುತ್ತದೆ. ಪೋಕರ್‌ನಲ್ಲಿ ಕಲರ್ ಬಂದರೆ ಸೀಕ್ವೆನ್ಸ್ ಸೋಲುತ್ತದೆ. ಅಲ್ಲಿ ಮೂರೂ ಒಂದೇ ಎಲೆ ಬಂದ ಟ್ರಯಲ್‌ಗೆ ಎದುರೇ ಇಲ್ಲ, ಇಲ್ಲಿ ಅದು ನಡುಮಟ್ಟದ ಕೈ.

ಕಾರಣ ಲೆಕ್ಕದಲ್ಲಿದೆ. ಅಪರೂಪಕ್ಕೆ ಬರುವ ಕೈಗೆ ಹೆಚ್ಚು ಬೆಲೆ, ಎರಡೂ ಆಟದ ಧರ್ಮ ಬಹುಮಟ್ಟಿಗೆ ಅದೇ. 52 ಎಲೆಯಿಂದ ಮೂರನ್ನು 22,100 ಬಗೆಯಲ್ಲಿ ಆರಿಸಬಹುದು. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಸೀಕ್ವೆನ್ಸ್ ಅಪರೂಪ, ಆದ್ದರಿಂದ ದೊಡ್ಡದು. ಐದೆಲೆಗೆ ಬಂದಾಗ ತಕ್ಕಡಿ ತಿರುಗುತ್ತದೆ. ಮೂರೆಲೆ ಒಂದೇ ಜಾತಿಯಾಗುವುದು ಸುಲಭ, ಐದಕ್ಕೈದೂ ಒಂದೇ ಜಾತಿಯಾಗುವುದು ಕಷ್ಟ. ಐದನ್ನು ಆರಿಸುವ 25,98,960 ಬಗೆಗಳಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಕಲರ್ ಅರ್ಧದಷ್ಟೇ ಬರುತ್ತದೆ.

ಪೋಕರ್‌ನ ಹೆಸರುಗಳಲ್ಲಿ ಮೇಲಿನಿಂದ ಕೆಳಕ್ಕೆ ಪೂರ್ತಿ ಏಣಿ ಹೀಗಿದೆ. ಮುಂದಿನ ಅಂಕಿ ಆ ಕೈ ಎಷ್ಟು ಬಗೆಯಲ್ಲಿ ಬರಬಹುದೆಂಬುದು.

- ರಾಯಲ್ ಫ್ಲಶ್: ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, 10. ಬರೀ 4.
- ಸ್ಟ್ರೇಟ್ ಫ್ಲಶ್: ಒಂದೇ ಜಾತಿಯಲ್ಲಿ ಸಾಲಾಗಿ ಐದು, ಉದಾಹರಣೆಗೆ ಆಟೀನ್ 9-8-7-6-5. 36.
- ಫೋರ್ ಆಫ್ ಎ ಕೈಂಡ್: ನಾಲ್ಕು 7, ಜೊತೆಗೊಂದು ಬೇರೆ. 624.
- ಫುಲ್ ಹೌಸ್: ಮೂರು 8, ಎರಡು 4. 3,744.
- ಫ್ಲಶ್, ನಮ್ಮ ಕಲರ್: 5,108.
- ಸ್ಟ್ರೇಟ್, ನಮ್ಮ ಸೀಕ್ವೆನ್ಸ್: 10,200.
- ಥ್ರೀ ಆಫ್ ಎ ಕೈಂಡ್: ಮೂರು ರಾಣಿ, ಎರಡು ಬಿಡಿ ಎಲೆ. 54,912.
- ಟೂ ಪೇರ್: ಎರಡು ಜೋಡಿ. 1,23,552.
- ಪೇರ್: ಒಂದು ಜೋಡಿ. 10,98,240.
- ಹೈ ಕಾರ್ಡ್: ಏನೂ ಕೂಡದ ಕೈ. 13,02,540.

ಇನ್ನೊಂದು ಸೂಕ್ಷ್ಮ. ಎಕ್ಕ-2-3 ಎಂಬ ಸೀಕ್ವೆನ್ಸ್‌ಗೆ ಮೂರೆಲೆಯಲ್ಲಿ ಹಲವು ಕಡೆ ಎರಡನೆಯ ಸ್ಥಾನ ಕೊಡುತ್ತಾರೆ. ಪೋಕರ್‌ನಲ್ಲಿ ಎಕ್ಕ-2-3-4-5 ಎಲ್ಲಕ್ಕಿಂತ ಕೆಳಗಿನ ಸ್ಟ್ರೇಟ್, ಅಲ್ಲಿ ಎಕ್ಕದ ಬೆಲೆ ಒಂದೇ. ರಾಣಿ-ರಾಜ-ಎಕ್ಕ-2-3 ಎಂದು ಸುತ್ತು ಹಾಕಿದ್ದು ಸ್ಟ್ರೇಟೇ ಅಲ್ಲ.

ಬ್ಲೈಂಡ್ ಎಂದರೆ ಎಲೆ ನೋಡದೆ ಆಡುವುದಲ್ಲ

ಹೆಸರು ಒಂದೇ, ಅರ್ಥ ಬೇರೆ. ಮೂರೆಲೆಯಲ್ಲಿ ಬ್ಲೈಂಡ್ ಆಡುವವರು ಎಲೆ ಮುಚ್ಚಿಟ್ಟು ಅರ್ಧ ಬಾಜಿಗೆ ಮುಂದುವರಿಯುತ್ತಾರೆ. ಹೋಲ್ಡೆಮ್‌ನಲ್ಲಿ ಬ್ಲೈಂಡ್ ಎಂದರೆ ಇಬ್ಬರು ಎಲೆ ಬರುವ ಮುನ್ನವೇ ಕಡ್ಡಾಯವಾಗಿ ಹಾಕುವ ಬಿಲ್ಲೆ. ಆ ಇಬ್ಬರೂ ಎಲೆ ನೋಡಿಕೊಂಡೇ ಆಡುತ್ತಾರೆ. ಮೂರೆಲೆಯಲ್ಲಿ ಆಟ ಶುರುವಾಗುವ ಮುನ್ನ ಕಟ್ಟುವ ಬೂಟನ್ನು ಎಲ್ಲರೂ ಹಾಕುತ್ತಾರಲ್ಲ, ಅದೇ ಕೆಲಸವನ್ನು ಇಲ್ಲಿ ಸರದಿಯ ಪ್ರಕಾರ ಇಬ್ಬರೇ ಮಾಡುತ್ತಾರೆ. ಅದೂ ಇಲ್ಲದಿದ್ದರೆ ಒಳ್ಳೆಯ ಎಲೆ ಬರುವವರೆಗೆ ಎಲ್ಲರೂ ಸುಮ್ಮನೆ ಕೂತುಬಿಡುತ್ತಾರೆ, ಗೆಲ್ಲಲು ಮೇಜಿನ ಮೇಲೆ ಏನೂ ಇರುವುದಿಲ್ಲ.

ಎಲೆ ಹಂಚುವವರ ಗುರುತಿಗೆ ಒಂದು ಬಿಲ್ಲೆ ಇಡುತ್ತಾರೆ, ಅದು ಬಟನ್. ಬಟನ್‌ನ ಎಡಗಡೆ ಕೂತವರು ಸಣ್ಣ ಬ್ಲೈಂಡ್ ಹಾಕಬೇಕು, ಅವರ ಎಡಗಡೆಯವರು ದೊಡ್ಡ ಬ್ಲೈಂಡ್. ನಮ್ಮ 200ರ ಲೆಕ್ಕಕ್ಕೆ 1 ಮತ್ತು 2 ಸರಿಹೋಗುತ್ತದೆ. ಪ್ರತಿ ಆಟ ಮುಗಿದ ಮೇಲೆ ಬಟನ್ ಒಂದು ಜಾಗ ಎಡಕ್ಕೆ ಸರಿಯುತ್ತದೆ. ಹಂಚುವುದು, ಆಡುವುದು ಎಲ್ಲವೂ ಗಡಿಯಾರದ ಮುಳ್ಳಿನಂತೆ ಎಡಕ್ಕೇ. ಬಲಕ್ಕೆ ಹಂಚುವ ಇಸ್ಪೀಟಾಟಗಳ ರೂಢಿ ಇದ್ದವರು ಮೊದಲ ದಿನ ಇಲ್ಲಿ ತಪ್ಪುತ್ತಾರೆ.

ಸರದಿಯ ನಿಯಮ ಎರಡು ತೆರನಾಗಿದೆ. ಫ್ಲಾಪ್‌ಗೆ ಮುಂಚಿನ ಸುತ್ತಿನಲ್ಲಿ ದೊಡ್ಡ ಬ್ಲೈಂಡ್‌ನ ಎಡಗಡೆಯವರು ಮೊದಲು ಆಡುತ್ತಾರೆ, ದೊಡ್ಡ ಬ್ಲೈಂಡ್ ಹಾಕಿದವರು ಕೊನೆಗೆ. ಫ್ಲಾಪ್ ಆದಮೇಲಿನ ಮೂರೂ ಸುತ್ತಿನಲ್ಲಿ ಬಟನ್‌ನ ಎಡಗಡೆಯಿಂದ ಶುರು, ಬಟನ್ ಕೊನೆಗೆ. ಎಲ್ಲರೂ ಏನು ಮಾಡಿದರೆಂದು ನೋಡಿ ಆಮೇಲೆ ನಿರ್ಧರಿಸುವ ಅವಕಾಶ ಬಟನ್‌ಗೆ ಇರುವುದರಿಂದ ಅದು ಮೇಜಿನ ಅತ್ಯುತ್ತಮ ಜಾಗ. ಇಬ್ಬರೇ ಆಡುವಾಗ ಮಾತ್ರ ಬಟನ್‌ನವರೇ ಸಣ್ಣ ಬ್ಲೈಂಡ್ ಹಾಕಿ, ಫ್ಲಾಪ್‌ಗೆ ಮುಂಚೆ ಮೊದಲು ಆಡಬೇಕು.

ಸರದಿ ಬಂದಾಗ

ನಿಮ್ಮ ಮುಂದೆ ಯಾರೂ ಕಟ್ಟಿರದಿದ್ದರೆ ಚೆಕ್ ಎಂದು ಸುಮ್ಮನೆ ದಾಟಿಸಬಹುದು, ಇಲ್ಲವೆ ನೀವೇ ಬೆಟ್ ಕಟ್ಟಬಹುದು. ಯಾರಾದರೂ ಕಟ್ಟಿದ್ದರೆ ಮೂರು ದಾರಿ: ಅಷ್ಟೇ ಹಾಕಿ ಕಾಲ್, ಅದಕ್ಕಿಂತ ಹೆಚ್ಚು ಹಾಕಿ ರೇಸ್, ಎಲೆ ಕೆಳಗಿಟ್ಟು ಫೋಲ್ಡ್. ಫೋಲ್ಡ್ ಎಂದರೆ ನಮ್ಮ ಪ್ಯಾಕ್. ಉಳಿದವರೆಲ್ಲರೂ ಒಂದೇ ಮೊತ್ತ ಹಾಕಿದಾಗ ಆ ಸುತ್ತು ಮುಗಿಯಿತು. ಮೂರೆಲೆಯಲ್ಲಿ ಇಬ್ಬರು ಉಳಿದಾಗ ಹಣ ಕೊಟ್ಟು ಶೋ ಕೇಳುತ್ತೀರಿ, ಪಕ್ಕದವರ ಜೊತೆ ಗುಟ್ಟಾಗಿ ಎಲೆ ಹೋಲಿಸುವ ಸೈಡ್ ಶೋ ಮಾಡುತ್ತೀರಿ. ಇಲ್ಲಿ ಎರಡೂ ಇಲ್ಲ. ರಿವರ್‌ನ ಸುತ್ತು ಮುಗಿಯುವ ತನಕ ಯಾರ ಎಲೆಯನ್ನೂ ಯಾರೂ ಕೇಳುವಂತಿಲ್ಲ.

ನೋ ಲಿಮಿಟ್ ಹೋಲ್ಡೆಮ್‌ನಲ್ಲಿ ಮುಂದಿರುವ ಬಿಲ್ಲೆಯೆಲ್ಲವನ್ನೂ ಯಾವಾಗ ಬೇಕಾದರೂ ತಳ್ಳಬಹುದು, ಅದೇ ಆಲ್ ಇನ್. ಆದರೆ ರೇಸ್‌ಗೆ ಕನಿಷ್ಠ ಮಿತಿ ಇದೆ: ಹಿಂದಿನವರು ಎಷ್ಟು ಏರಿಸಿದ್ದರೋ ಕಡಿಮೆಯೆಂದರೆ ಅಷ್ಟಾದರೂ ನೀವು ಏರಿಸಬೇಕು. ದೊಡ್ಡ ಬ್ಲೈಂಡ್ 2, ಒಬ್ಬರು 6ಕ್ಕೆ ಏರಿಸಿದರು, ಅಂದರೆ ಏರಿಕೆ 4. ಮುಂದಿನವರು ಏರಿಸಿದರೆ ಕನಿಷ್ಠ 10 ಆಗಬೇಕು. 8 ಅಂದರೆ ನಡೆಯದು.

ಬಿಲ್ಲೆ ಇಡುವ ಮುನ್ನ ಬಾಯಲ್ಲಿ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಎದುರಿನವರು 6 ಕಟ್ಟಿದ್ದಾಗ ಏನೂ ಹೇಳದೆ 25ರ ಒಂದೇ ಬಿಲ್ಲೆ ಹಾಕಿದರೆ ಅದು ರೇಸ್ ಅಲ್ಲ, ಕಾಲ್. 19 ವಾಪಸ್ ತಗೋಬೇಕು. ಮೊದಲು 6 ಇಟ್ಟು, ಎದುರಿನವರ ಮುಖ ನೋಡಿ, ಆಮೇಲೆ ಇನ್ನೊಂದಿಷ್ಟು ಸೇರಿಸುವುದಂತೂ ಸಲ್ಲದು.

ಒಂದು ಆಟ, ಮೊದಲಿಂದ ಕೊನೆಯವರೆಗೆ

ನಾಲ್ವರು, ತಲಾ 200. ಒಂದನೆಯವರ ಮುಂದೆ ಬಟನ್. ಎರಡನೆಯವರು 1, ಮೂರನೆಯವರು 2 ಬ್ಲೈಂಡ್ ಹಾಕಿದ್ದಾರೆ. ಸಣ್ಣ ಬ್ಲೈಂಡ್‌ನಿಂದ ಶುರುಮಾಡಿ ಒಂದೊಂದೇ ಎಲೆಯಂತೆ ಎರಡು ಸುತ್ತು ಹಂಚಿದ್ದಾಯಿತು.

ಮೊದಲ ಸರದಿ ನಾಲ್ಕನೆಯವರದು. ಕೈಯಲ್ಲಿ ಡೈಮಂಡ್ ರಾಜ, ಕಳಾವರ್ ರಾಣಿ. 6ಕ್ಕೆ ಏರಿಸುತ್ತಾರೆ. ಒಂದನೆಯವರ ಬಳಿ ಇಸ್ಪೀಟ್ ಎಕ್ಕ ಮತ್ತು ಇಸ್ಪೀಟ್ 9, ಕಾಲ್. ಎರಡನೆಯವರದು 7 ಮತ್ತು 2, ಫೋಲ್ಡ್. ಹಾಕಿದ್ದ 1 ಹೋಯಿತು. ಮೂರನೆಯವರ ಬಳಿ ಎರಡು 8, ಆಟೀನ್ ಮತ್ತು ಡೈಮಂಡ್. ಇನ್ನು 4 ಸೇರಿಸಿ ಕಾಲ್. ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿದ ಬಿಲ್ಲೆಗಳ ರಾಶಿಯಲ್ಲಿ, ಈಗ 19.

ಹಂಚುವವರು ಮೇಲಿನ ಒಂದೆಲೆಯನ್ನು ಮುಚ್ಚಿದಂತೆಯೇ ಪಕ್ಕಕ್ಕಿಡುತ್ತಾರೆ. ಇದನ್ನು ಬರ್ನ್ ಎನ್ನುತ್ತಾರೆ. ಕಟ್ಟಿನ ಮೇಲಿನ ಎಲೆಯ ಬೆನ್ನಿನ ಮೇಲೆ ಕಲೆ, ಮಡಿಕೆ ಇದ್ದು ಯಾರಾದರೂ ಗುರುತು ಹಿಡಿದಿದ್ದರೆ ಅದರಿಂದ ಲಾಭವಾಗದಿರಲಿ ಎಂದು ಈ ನಿಯಮ. ಆಮೇಲೆ ಫ್ಲಾಪ್: ಇಸ್ಪೀಟ್ ರಾಜ, ಇಸ್ಪೀಟ್ 8, ಆಟೀನ್ 4.

ಮೂರನೆಯವರಿಗೆ ಮೂರು 8 ಕೂಡಿತು. ಆದರೂ ಚೆಕ್ ಎನ್ನುತ್ತಾರೆ. ನಾಲ್ಕನೆಯವರಿಗೆ ರಾಜನ ಜೋಡಿ, 10 ಕಟ್ಟುತ್ತಾರೆ. ಒಂದನೆಯವರ ಬಳಿ ನಾಲ್ಕು ಇಸ್ಪೀಟ್ ಆಗಿದೆ, ಫ್ಲಶ್‌ಗೆ ಒಂದೇ ಬಾಕಿ, ಕಾಲ್. ಈಗ ಮೂರನೆಯವರು 30ಕ್ಕೆ ಏರಿಸುತ್ತಾರೆ. ಚೆಕ್ ಮಾಡಿದವರು ಅದೇ ಸುತ್ತಿನಲ್ಲಿ ಏರಿಸುವುದು ನಿಯಮಬದ್ಧ. ನಾಲ್ಕನೆಯವರೂ ಒಂದನೆಯವರೂ ತಲಾ 20 ಸೇರಿಸುತ್ತಾರೆ. ಪಾಟ್ 109.

ಮತ್ತೆ ಬರ್ನ್, ಟರ್ನ್‌ಗೆ ಇಸ್ಪೀಟ್ 2. ಒಂದನೆಯವರಿಗೆ ಎಕ್ಕದ ಫ್ಲಶ್ ಕೂಡಿತು. ಮೂರನೆಯವರು, ನಾಲ್ಕನೆಯವರು ಚೆಕ್. ಒಂದನೆಯವರು 60 ಕಟ್ಟುತ್ತಾರೆ. ಮೂರನೆಯವರು ಕಾಲ್, ನಾಲ್ಕನೆಯವರು ಫೋಲ್ಡ್. ಪಾಟ್ 229. ಉಳಿದ ಇಬ್ಬರ ಮುಂದೆಯೂ 104.

ರಿವರ್: ಕಳಾವರ್ 4. ಬೋರ್ಡಿನಲ್ಲೀಗ ರಾಜ, 8, 4, 2, 4. ಮೂರನೆಯವರು ಪೂರ್ತಿ 104 ತಳ್ಳುತ್ತಾರೆ, ಒಂದನೆಯವರು ಕಾಲ್. ಪಾಟ್ 437. ಒಂದನೆಯವರದು ಇಸ್ಪೀಟ್‌ನ ಎಕ್ಕ, ರಾಜ, 9, 8, 2: ಇದನ್ನು ಮೀರಿದ ಫ್ಲಶ್ ಬೇರೆ ಯಾರಲ್ಲೂ ಇರಲಾರದು. ಮೂರನೆಯವರದು ಮೂರು 8, ಎರಡು 4: ಫುಲ್ ಹೌಸ್. ಪಾಟ್ ಮೂರನೆಯವರಿಗೆ.

ಒಂದನೆಯವರ ಎಲೆ ಟರ್ನ್‌ನಿಂದ ರಿವರ್‌ಗೆ ಬದಲಾಗಲಿಲ್ಲ, ಬೋರ್ಡ್ ಬದಲಾಯಿತು. ಟರ್ನ್ ಬಿದ್ದಾಗ ಅವರ ಫ್ಲಶ್‌ಗೆ ಮೀರಿದ ಕೈ ಯಾರಲ್ಲೂ ಇರಲು ಸಾಧ್ಯವಿರಲಿಲ್ಲ. ಬೋರ್ಡಿನಲ್ಲಿ 4ರ ಜೋಡಿ ಬಿದ್ದ ಗಳಿಗೆಯಿಂದ ಫುಲ್ ಹೌಸ್ ಸಾಧ್ಯವಾಯಿತು. ಬೋರ್ಡಿನಲ್ಲಿ ಜೋಡಿ ಇಲ್ಲದೆ ಫುಲ್ ಹೌಸ್ ಆಗಲಿ, ನಾಲ್ಕು ಒಂದೇ ಎಲೆಯಾಗಲಿ ಯಾರಿಗೂ ಬರಲಾರದು. ಮೂರೆಲೆಯಲ್ಲಿ ಒಮ್ಮೆ ಎಲೆ ನೋಡಿದರೆ ಮುಗಿಯಿತು, ಕೈ ಬದಲಾಗದು. ಹೋಲ್ಡೆಮ್‌ನಲ್ಲಿ ಪ್ರತಿ ಎಲೆ ಬಿದ್ದಾಗಲೂ ಬೋರ್ಡ್ ನೋಡಿ ‘ಈಗ ಬರಬಹುದಾದ ಅತಿ ದೊಡ್ಡ ಕೈ ಯಾವುದು’ ಎಂದು ಕೇಳಿಕೊಳ್ಳಬೇಕು. ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದ ಅಭ್ಯಾಸ ಇದೇ.

ಆ 20 ಹಾಕಿದ್ದು ಸರಿಯೇ?

ಫ್ಲಾಪ್‌ನಲ್ಲಿ ಒಂದನೆಯವರ ಕೈ ಇನ್ನೂ ಕೂಡಿರಲಿಲ್ಲ. ಆದರೂ 20 ಸೇರಿಸಿದರು. ಅದು ಬರೀ ಧೈರ್ಯವಲ್ಲ, ಅದಕ್ಕೊಂದು ಲೆಕ್ಕವಿದೆ. ಒಟ್ಟು 13 ಇಸ್ಪೀಟ್‌ನಲ್ಲಿ ನಾಲ್ಕು ಕಣ್ಣಿಗೆ ಬಿದ್ದಿವೆ, ಉಳಿದದ್ದು 9. ಅವರು ಕಂಡಿರುವುದು ತಮ್ಮ ಎರಡು, ಬೋರ್ಡಿನ ಮೂರು. ಕಾಣದ ಎಲೆ 47. ಮುಂದಿನ ಎಲೆ ಇಸ್ಪೀಟ್ ಆಗುವ ಸಾಧ್ಯತೆ 47ರಲ್ಲಿ 9, ನೂರಕ್ಕೆ ಸುಮಾರು 19.

ಅವರ ಸರದಿ ಬಂದಾಗ ಪಾಟ್‌ನಲ್ಲಿ 89 ಇತ್ತು. 20 ಹಾಕಿದರೆ 109. ಅಂದರೆ ಪಾಟ್‌ನ ನೂರರಲ್ಲಿ ಸುಮಾರು 18 ಪಾಲು ಅವರು ತೆರುತ್ತಿದ್ದಾರೆ. ತೆರುವುದು 18, ಬರುವ ಸಾಧ್ಯತೆ 19: ಕೂದಲೆಳೆಯಷ್ಟು ಲಾಭದ ಕಡೆಗಿದೆ. ಅದೇ 89ರ ಪಾಟ್‌ಗೆ 40 ಹಾಕಬೇಕಾಗಿದ್ದರೆ 129ರಲ್ಲಿ 40, ನೂರಕ್ಕೆ 31 ಆಗುತ್ತಿತ್ತು. ಆ ಒಂದು ಎಲೆಯ ಲೆಕ್ಕದಲ್ಲಿ ಅದು ನಷ್ಟ. ಇದನ್ನು ಪಾಟ್ ಆಡ್ಸ್ ಎನ್ನುತ್ತಾರೆ. ಮೇಜಿನ ಮೇಲೆ ಇಷ್ಟು ಭಾಗಾಕಾರ ಮಾಡಲಾಗದು ಅನ್ನುವವರಿಗೆ ಒಂದು ಸುಲಭ ಉಪಾಯ ಇದೆ: ನಿಮಗೆ ಬೇಕಾದ ಎಲೆ ಎಷ್ಟು ಉಳಿದಿದೆಯೋ ಅದನ್ನು 2ರಿಂದ ಗುಣಿಸಿದರೆ ಮುಂದಿನ ಒಂದೆಲೆಗೆ, 4ರಿಂದ ಗುಣಿಸಿದರೆ ಫ್ಲಾಪ್‌ನಲ್ಲಿ ಮುಂದಿನ ಎರಡೆಲೆಗೆ, ನೂರಕ್ಕೆ ಎಷ್ಟೆಂಬ ಅಂದಾಜು ಸಿಗುತ್ತದೆ. 9ಕ್ಕೆ 18 ಮತ್ತು 36. ನಿಖರ ಲೆಕ್ಕ 19 ಮತ್ತು 35.

ಎಲ್ಲ ಎಲೆಗೂ ಆಡಬೇಕೆಂದಿಲ್ಲ ಎಂಬುದೂ ಇದೇ ಲೆಕ್ಕದಿಂದ ಹೊಳೆಯುತ್ತದೆ. ಮೊದಲ ಎರಡೆಲೆಯಲ್ಲಿ ಎಕ್ಕದ ಜೋಡಿ ಬರುವುದು 221 ಸಲಕ್ಕೊಮ್ಮೆ, ಯಾವುದಾದರೂ ಜೋಡಿ ಬರುವುದು 17 ಸಲಕ್ಕೊಮ್ಮೆ. ಜೋಡಿಯಲ್ಲದ ಎರಡೆಲೆ ಹಿಡಿದರೆ ಫ್ಲಾಪ್‌ನಲ್ಲಿ ಅವುಗಳಿಗೆ ಜೊತೆ ಸಿಗುವುದು ಮೂರರಲ್ಲಿ ಒಂದು ಸಲ ಮಾತ್ರ. ಕಲಿಯುವವರು ಜೋಡಿ, ದೊಡ್ಡ ಚಿತ್ರದೆಲೆಗಳು, ಎಕ್ಕದ ಜೊತೆ ಅದೇ ಜಾತಿಯ ಎಲೆ, ಇಷ್ಟಕ್ಕೆ ಆಡಿ ಉಳಿದದ್ದನ್ನು ಫೋಲ್ಡ್ ಮಾಡಿದರೂ ತಪ್ಪಿಲ್ಲ.

ಬಿಲ್ಲೆ ಸಾಲದೆ ಹೋದಾಗ

ಕಾಲ್ ಮಾಡುವಷ್ಟು ಬಿಲ್ಲೆ ಇಲ್ಲವೆಂದು ಯಾರನ್ನೂ ಆಟದಿಂದ ಹೊರಗೆ ಹಾಕುವಂತಿಲ್ಲ, ಜೇಬಿನಿಂದ ಹೊಸದಾಗಿ ಸೇರಿಸುವಂತೆಯೂ ಇಲ್ಲ. ಇದ್ದದ್ದನ್ನು ಹಾಕಿದವರು ಅಷ್ಟರ ಮಟ್ಟಿಗೆ ಮಾತ್ರ ಹಕ್ಕುದಾರರು. ಒಬ್ಬರ ಬಳಿ 40, ಇನ್ನೊಬ್ಬರ ಬಳಿ 100, ಮತ್ತೊಬ್ಬರ ಬಳಿ 200. ಮೂವರೂ ಎಲ್ಲವನ್ನೂ ತಳ್ಳಿದರು ಎನ್ನಿ. ಮೊದಲು ಮೂವರಿಂದಲೂ 40 ಎತ್ತಿ 120ರ ಮುಖ್ಯ ಪಾಟ್ ಮಾಡಿ. ಉಳಿದ ಇಬ್ಬರಿಂದ ಇನ್ನು 60ರಂತೆ ಎತ್ತಿ 120ರ ಪಕ್ಕದ ಪಾಟ್. ಕೊನೆಯವರ ಬಳಿ ಉಳಿಯುವ 100ಕ್ಕೆ ಎದುರು ಯಾರೂ ಇಲ್ಲ, ಅವರಿಗೇ ವಾಪಸ್. 40ರವರ ಕೈ ಎಲ್ಲಕ್ಕಿಂತ ದೊಡ್ಡದಾದರೂ ಅವರಿಗೆ ಸಿಗುವುದು ಮೊದಲ 120 ಮಾತ್ರ. ಎರಡನೆಯದು ಉಳಿದಿಬ್ಬರಲ್ಲಿ ಯಾರದು ದೊಡ್ಡದೋ ಅವರಿಗೆ.

ಐದೇ ಎಲೆ ಲೆಕ್ಕಕ್ಕೆ

ಮನೆಯಾಟದ ಜಗಳಗಳಲ್ಲಿ ಹೆಚ್ಚಿನವು ಐದೆಲೆಯ ನಿಯಮ ಮರೆತದ್ದರಿಂದ ಹುಟ್ಟುತ್ತವೆ. ಇಬ್ಬರಿಗೂ ಒಂದೇ ಜೋಡಿ ಬಂದರೆ ಉಳಿದ ಎಲೆಗಳಲ್ಲಿ ದೊಡ್ಡದು ತೀರ್ಮಾನಿಸುತ್ತದೆ, ಅದಕ್ಕೆ ಕಿಕ್ಕರ್ ಎನ್ನುತ್ತಾರೆ. ಬೋರ್ಡಿನಲ್ಲಿ ಎಕ್ಕ, ರಾಜ, ಗುಲಾಮ, 9, 4. ಒಬ್ಬರ ಕೈಯಲ್ಲಿ ಎಕ್ಕ-ರಾಣಿ, ಇನ್ನೊಬ್ಬರದು ಎಕ್ಕ-7. ಫ್ಲಶ್ ಇಲ್ಲವೆಂದಿಟ್ಟುಕೊಂಡರೆ ಮೊದಲನೆಯವರದು ಎಕ್ಕ, ಎಕ್ಕ, ರಾಜ, ರಾಣಿ, ಗುಲಾಮ. ಎರಡನೆಯವರದು ಎಕ್ಕ, ಎಕ್ಕ, ರಾಜ, ಗುಲಾಮ, 9. ರಾಣಿ ಇರುವವರು ಗೆದ್ದರು.

ಈಗ ಬೋರ್ಡಿನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, 4; ಕೈಯಲ್ಲಿ ಒಬ್ಬರಿಗೆ ಎಕ್ಕ-7, ಇನ್ನೊಬ್ಬರಿಗೆ ಎಕ್ಕ-3. ‘ನನ್ನ 7 ದೊಡ್ಡದು’ ಎಂಬ ವಾದ ಇಲ್ಲಿ ನಿಲ್ಲದು. ಇಬ್ಬರ ಐದೆಲೆಯೂ ಎಕ್ಕ, ಎಕ್ಕ, ರಾಜ, ರಾಣಿ, ಗುಲಾಮ. ಆರನೆಯ ಎಲೆಗೆ ಬೆಲೆಯಿಲ್ಲ, ಪಾಟ್ ಸಮಪಾಲು.

ಇನ್ನೂ ನೋವಾಗುವಂಥದ್ದು ಮೂರು ಜೋಡಿಯದು. ನಿಮ್ಮ ಕೈಯಲ್ಲಿ 3ರ ಜೋಡಿ, ಬೋರ್ಡಿನಲ್ಲಿ ರಾಜ, ರಾಜ, 5, 5, 2. ಮೂರು ಜೋಡಿ ಇದೆ ಅನ್ನಿಸುತ್ತದೆ, ಆದರೆ ಐದೆಲೆಯಲ್ಲಿ ಎರಡೇ ಜೋಡಿ ಹಿಡಿಯುವುದು. ನಿಮ್ಮದು ರಾಜ, ರಾಜ, 5, 5, 3. ಎದುರಿನವರ ಕೈಯಲ್ಲಿ ಜೋಡಿಯೇ ಇಲ್ಲದ ಎಕ್ಕ-ರಾಣಿ ಇದ್ದರೆ ಅವರದು ರಾಜ, ರಾಜ, 5, 5, ಎಕ್ಕ. ಅವರು ಗೆದ್ದರು.

ತಪ್ಪಿ ಎಲೆ ಬಿದ್ದರೆ, ಎಲೆ ತೋರಿಸುವಾಗ

ಹಂಚುವಾಗ ಮೊಟ್ಟಮೊದಲ ಅಥವಾ ಎರಡನೆಯ ಎಲೆಯೇ ತೆರೆದುಕೊಂಡರೆ ಎಲ್ಲವನ್ನೂ ಕೂಡಿಸಿ, ಕಲೆಸಿ, ಹೊಸದಾಗಿ ಹಂಚಬೇಕು. ಆಮೇಲಿನ ಒಂದೆಲೆ ತೆರೆದರೆ ಹಂಚಿಕೆ ಮುಗಿಸಿ, ಆ ಆಟಗಾರರಿಗೆ ಕಟ್ಟಿನ ಮೇಲಿನ ಎಲೆ ಕೊಟ್ಟು, ತೆರೆದದ್ದನ್ನು ಮೊದಲ ಬರ್ನ್ ಆಗಿ ಬಳಸಬಹುದು. ಸರದಿ ಬರುವ ಮುನ್ನ ಫೋಲ್ಡ್ ಮಾಡುವುದೂ ತಪ್ಪೇ. ನಿಮಗಿಂತ ಮುಂಚೆ ಆಡಬೇಕಾದವರಿಗೆ ಒಬ್ಬ ಎದುರಾಳಿ ಕಡಿಮೆಯಾದ ಸುಳಿವು ಬಿಟ್ಟಿಯಾಗಿ ಸಿಕ್ಕಂತಾಗುತ್ತದೆ.

ಕೊನೆಯ ಸುತ್ತು ಮುಗಿದಾಗ ರಿವರ್‌ನಲ್ಲಿ ಕಡೆಯದಾಗಿ ಕಟ್ಟಿದವರು ಅಥವಾ ಏರಿಸಿದವರು ಮೊದಲು ಎಲೆ ತೋರಿಸಬೇಕು. ಎಲ್ಲರೂ ಚೆಕ್ ಮಾಡಿದ್ದರೆ ಬಟನ್‌ನ ಎಡಗಡೆಯಿಂದ. ಒಂದೆಲೆ ತೋರಿಸಿದರೆ ಸಾಲದು, ಎರಡನ್ನೂ ಮೇಜಿನ ಮೇಲೆ ಅಂಗಾತ ಇಡಬೇಕು. ಬಾಯಲ್ಲಿ ‘ಫ್ಲಶ್’ ಎಂದು ತಪ್ಪಾಗಿ ಹೇಳಿದರೂ, ಹೇಳದೆ ಬಿಟ್ಟರೂ ಲೆಕ್ಕಕ್ಕೆ ಬರುವುದು ಮೇಜಿನ ಮೇಲಿನ ಎಲೆ. ಹಾಗಾಗಿ ಎದುರಿನವರು ‘ನಂದು ಸ್ಟ್ರೇಟ್’ ಎಂದರೆಂದು ನಿಮ್ಮ ಎಲೆಯನ್ನು ಕಟ್ಟಿಗೆ ಸೇರಿಸಬೇಡಿ. ಸೇರಿಸಿದರೆ ನಿಮ್ಮ ಕೈ ಸತ್ತಂತೆ, ಅವರ ಸ್ಟ್ರೇಟ್ ಸುಳ್ಳಾದರೂ ಪಾಟ್ ಅವರದೇ. ಗೆದ್ದವರ ಮುಂದೆ ಬಿಲ್ಲೆ ಸರಿಯುವ ತನಕ ಎಲೆ ನಿಮ್ಮ ಬೆರಳ ಕೆಳಗೇ ಇರಲಿ. ಪಾಟ್ ಸಮಪಾಲಾಗಿ ಒಂದು ಬಿಲ್ಲೆ ಹೆಚ್ಚಿಗೆ ಉಳಿದರೆ, ಪಾಲು ಪಡೆದವರಲ್ಲಿ ಬಟನ್‌ನ ಎಡಕ್ಕೆ ಮೊದಲು ಸಿಗುವವರಿಗೆ ಅದು ಸೇರುತ್ತದೆ.